ಹುಗ್ಗಿಗೆ ಬಂದವರು

ಡಿಸೆಂಬರ್ 16ರ ಹೊತ್ತಿಗೆ ಸೂರ್ಯ ಧನು ರಾಶಿಗೆ ಕಾಲಿಟ್ಟನೆಂದರೆ ಬೆಂಗಳೂರಿನ ಕಲ್ಯಾಣ ಮಂಟಪಗಳು ಮಂಕಾಗುತ್ತವೆ. ವಾಲಗದವರಿಗೆ ರಜೆ, ಅಡುಗೆ ಕಂಟ್ರಾಕ್ಟರುಗಳಿಗೆ ಬಿಡುವು. ಮದುವೆ ಮುಂಜಿಗೆ ಆಗದ ತಿಂಗಳು ಇದು. ಹಾಗಂತ ಊರಿಗೆ ಊರೇ ಮಲಗಿರುತ್ತದೆ ಅಂದುಕೊಂಡರೆ, ಬೆಳಗಿನ ಐದು ಗಂಟೆಗೆ ಮಲ್ಲೇಶ್ವರದ ಯಾವುದಾದರೂ ದೇವಸ್ಥಾನದ ಮುಂದೆ ಹೋಗಿ ನಿಲ್ಲಬೇಕು. ಮಂಕಿ ಟೋಪಿ, ಮಫ್ಲರು, ಸ್ವೆಟರಿನ ಮೇಲೊಂದು ಶಾಲು. ಬಾಯಿ ಬಿಟ್ಟರೆ ಹೊಗೆ. ಒಳಗಡೆ ಗಂಟೆಯ ಸದ್ದು, ಪಕ್ಕದ ಪಾಕಶಾಲೆಯಿಂದ ತುಪ್ಪದಲ್ಲಿ ಸಿಡಿದ ಮೆಣಸು ಜೀರಿಗೆಯ ವಾಸನೆ.

ನಮ್ಮ ಒಂದು ವರ್ಷ ದೇವತೆಗಳಿಗೆ ಒಂದು ದಿನ ಅನ್ನುವುದು ಹಳೆಯ ಲೆಕ್ಕ. ಉತ್ತರಾಯಣ ಅವರ ಹಗಲು, ದಕ್ಷಿಣಾಯನ ರಾತ್ರಿ. ಆ ರಾತ್ರಿಯ ಕೊನೆಯ ಭಾಗವೇ ಧನುರ್ಮಾಸ, ಅಂದರೆ ಅವರ ಬ್ರಾಹ್ಮೀ ಮುಹೂರ್ತ. ಲೆಕ್ಕ ಹಾಕಿದರೆ ನಮ್ಮ ಇಡೀ ತಿಂಗಳು ಅವರಿಗೆ ಬರೀ ಎರಡು ಗಂಟೆ. ಅವರು ಏಳುವ ಹೊತ್ತಿಗೆ ನಾವು ನೈವೇದ್ಯ ಸಿದ್ಧ ಮಾಡಿಕೊಂಡು ಬಾಗಿಲಲ್ಲಿ ನಿಂತಿರಬೇಕು. ಅದಕ್ಕೇ ಈ ತಿಂಗಳ ಒಂದು ದಿನದ ಪೂಜೆ ಸಾವಿರ ವರ್ಷದ ಪೂಜೆಗೆ ಸಮ ಎಂಬ ಮಾತು. ನಕ್ಷತ್ರ ಕಾಣುವಾಗ ಮಾಡಿದರೆ ಉತ್ತಮ, ನಕ್ಷತ್ರ ಮರೆಯಾದ ಮೇಲೆ ಮಧ್ಯಮ, ಸೂರ್ಯ ಕಂಡ ಮೇಲೆ ಅಧಮ. ಬೀದಿದೀಪಗಳ ನಡುವೆ ನಕ್ಷತ್ರ ಹುಡುಕುವುದು ಹೇಗೆ ಅಂತ ಕೇಳಬೇಡಿ. ನಮ್ಮ ಅರ್ಚಕರು ಗೋಡೆ ಗಡಿಯಾರ ನೋಡುತ್ತಾರೆ.

ಸಾಲಿನಲ್ಲಿ ನಿಲ್ಲುವವರನ್ನು ನೋಡುವುದೇ ನನಗೊಂದು ಸಂತೋಷ. ರಾತ್ರಿ ಪಾಳಿ ಮುಗಿಸಿ ಕೊರಳಿನ ಗುರುತಿನ ಚೀಟಿ ತೆಗೆಯದೆ ಬಂದ ಹುಡುಗಿ. ಮಾರ್ಕೆಟ್ಟಿನಿಂದ ಹೂವಿನ ಗಂಟು ಹೊತ್ತು ತಂದು ಮೆಟ್ಟಿಲ ಪಕ್ಕ ಇಳಿಸಿದ ಹೂವಾಡಗಿತ್ತಿ. ಪೇಪರ್ ಜೋಡಿಸಿ ಕೈ ಕಪ್ಪು ಮಾಡಿಕೊಂಡ ಹುಡುಗರು. ಪೊರಕೆಯನ್ನು ಗೋಡೆಗೆ ಒರಗಿಸಿ ಸೆರಗು ಸರಿಮಾಡಿಕೊಳ್ಳುವ ಪೌರಕಾರ್ಮಿಕ ಹೆಂಗಸರು. ವಾಕಿಂಗಿಗೆಂದು ಹೊರಟು ದಾರಿ ಬದಲಿಸಿದ ನಿವೃತ್ತರು. ಬೆಳಗಾದರೆ ಇವರೆಲ್ಲ ಒಬ್ಬರಿಗೊಬ್ಬರು ಕಾಣದಂತೆ ಓಡಾಡುವವರು. ಈ ಒಂದು ತಿಂಗಳು ಮಾತ್ರ ಒಂದೇ ಸಾಲಿನಲ್ಲಿ ಹಿಂದೆ ಮುಂದೆ ನಿಂತು ನಡುಗುತ್ತಾರೆ.

ಒಂದು ಬೆಳಿಗ್ಗೆ ಆಟೋ ಓಡಿಸುವ ಹುಡುಗನೊಬ್ಬನನ್ನು ಹಿರಿಯರೊಬ್ಬರು ಹಿಡಿದುಕೊಂಡರು. "ಏನಪ್ಪಾ, ಮಂಗಳಾರತಿ ಮುಗಿಯೋ ಹೊತ್ತಿಗೆ ಸರಿಯಾಗಿ ಬರ್ತೀಯಲ್ಲ. ಹುಗ್ಗಿಗಾ?"

"ಹೂಂ ಸಾರ್. ದೇವರು ಮಧ್ಯಾಹ್ನಾನೂ ಇರ್ತಾನೆ, ಹುಗ್ಗಿ ಇರಲ್ಲ."

ಹಿರಿಯರಿಗೆ ನಗು ತಡೆಯಲಿಲ್ಲ. ನಾನು ಮನಸ್ಸಿನಲ್ಲೇ ಆ ಹುಡುಗನ ಪಕ್ಷ ಸೇರಿಕೊಂಡೆ. ಹುಗ್ಗಿಗೆ ಬಂದವನು ದೇವರಿಗೆ ಬಂದವನಿಗಿಂತ ಒಂದು ಮೆಟ್ಟಿಲು ಕೆಳಗೆ ಅನ್ನುವ ಭಾವನೆ ನಮ್ಮಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಈ ತಿಂಗಳಿಗೆ ಹೆಸರುಬೇಳೆ, ಅಕ್ಕಿ, ಶುಂಠಿ, ಮೆಣಸು, ತುಪ್ಪವೇ ನೈವೇದ್ಯವೆಂದು ಗೊತ್ತುಮಾಡಿದವರಿಗೆ ಮಾಗಿಯ ಚಳಿಯೂ ಗೊತ್ತಿತ್ತು, ಮನುಷ್ಯನ ಹೊಟ್ಟೆಯೂ ಗೊತ್ತಿತ್ತು. ಬಿಸಿ ಹುಗ್ಗಿಯ ದೊನ್ನೆ ಅಂಗೈಗೆ ಬಿದ್ದಾಗ ಮೊದಲು ಬೆಚ್ಚಗಾಗುವುದು ಬೆರಳು, ಆಮೇಲೆ ನಾಲಿಗೆ, ಆಮೇಲೆ ಉಳಿದದ್ದು. ಭಕ್ತಿ ಈ ದಾರಿಯಲ್ಲೂ ಒಳಗೆ ಹೋಗಬಹುದು. ಮೆಣಸು ಹಲ್ಲಿಗೆ ಸಿಕ್ಕಿ ಕಣ್ಣಲ್ಲಿ ನೀರು ಬಂದರೆ ಅದನ್ನೂ ಆನಂದಬಾಷ್ಪದ ಲೆಕ್ಕಕ್ಕೆ ಬರೆದುಕೊಳ್ಳಲಿ!

ಇದಕ್ಕೆ ತಮಿಳಿನ ಭಕ್ತ ಕವಯಿತ್ರಿ ಆಂಡಾಳ್ ನನ್ನ ಸಾಕ್ಷಿ. ಧನುರ್ಮಾಸದಲ್ಲಿ ದಿನಕ್ಕೊಂದರಂತೆ ಹೇಳುವ ಆಕೆಯ ತಿರುಪ್ಪಾವೈ 30 ಪಾಶುರಗಳ, ಅಂದರೆ ಪದ್ಯಗಳ, ತಮಿಳು ಕೃತಿ. ತಿರುಮಲದಲ್ಲಿ ಈ ತಿಂಗಳು ಸುಪ್ರಭಾತದ ಬದಲು ಅದನ್ನೇ ಹೇಳುತ್ತಾರೆ. ಎರಡನೆಯ ಪಾಶುರದಲ್ಲಿ ಗೋಪಿಯರು ವ್ರತ ಹಿಡಿಯುತ್ತಾರೆ: ತುಪ್ಪ ತಿನ್ನುವುದಿಲ್ಲ, ಹಾಲು ಕುಡಿಯುವುದಿಲ್ಲ, ನಸುಕಿನಲ್ಲೇ ಮೀಯುತ್ತೇವೆ, ಕಣ್ಣಿಗೆ ಕಾಡಿಗೆ ಹಚ್ಚುವುದಿಲ್ಲ, ಹೂ ಮುಡಿಯುವುದಿಲ್ಲ. ಇಪ್ಪತ್ತೇಳನೆಯದಕ್ಕೆ ಬರುವ ಹೊತ್ತಿಗೆ ಬಳೆ, ಓಲೆ, ಹೊಸ ಸೀರೆ ಎಲ್ಲವೂ ಬೇಕು. ಹಾಲನ್ನದ ಮೇಲೆ ಮುಳುಗುವಷ್ಟು ತುಪ್ಪ ಸುರಿದು, ಅದು ಮೊಳಕೈವರೆಗೆ ಹರಿಯುವ ಹಾಗೆ ಎಲ್ಲರೂ ಕೂಡಿ ಕುಳಿತು ಉಣ್ಣಬೇಕು, ನೀನೂ ನಮ್ಮ ಜೊತೆಗಿರಬೇಕು ಅಂತ ಕೃಷ್ಣನನ್ನು ಕೇಳುತ್ತಾರೆ. ಮಲ್ಲೇಶ್ವರದ ಅಯ್ಯಂಗಾರರ ಮನೆಗಳಲ್ಲಿ ಆ ದಿನ ಅಕ್ಕಾರವಡಿಸಲ್ ಎಂಬ ಹಾಲು, ಬೆಲ್ಲ, ತುಪ್ಪದ ಸಿಹಿ ಅನ್ನ ಆಗುತ್ತದೆ, ಪಕ್ಕದ ಮನೆಯವರಿಗೂ ಒಂದು ಬಟ್ಟಲು ಬರುತ್ತದೆ. ಬಿಟ್ಟದ್ದು ಒಬ್ಬೊಬ್ಬರೇ ತಿನ್ನುವ ತುಪ್ಪವನ್ನು, ಕೇಳಿಕೊಂಡದ್ದು ಜೊತೆಗೂಡಿ ಉಣ್ಣುವ ತುಪ್ಪವನ್ನು. ನನಗೆ ವ್ರತ ಅರ್ಥವಾದದ್ದು ಇಷ್ಟು.

ದೇವಸ್ಥಾನದ ಕಂಬಕ್ಕೆ ಅಂಟಿಸಿದ ಸೇವಾಕರ್ತರ ಪಟ್ಟಿಯನ್ನು ದೊನ್ನೆ ಹಿಡಿದುಕೊಂಡೇ ಓದುವುದು ನನ್ನ ಅಭ್ಯಾಸ. ದಿನಕ್ಕೊಂದು ಮನೆಯವರು ಹುಗ್ಗಿಯ ಖರ್ಚು ಕೊಡುತ್ತಾರೆ. ಮೊಮ್ಮಗಳ ಹುಟ್ಟುಹಬ್ಬ, ತೀರಿಕೊಂಡ ತಾಯಿಯ ನೆನಪು, ಮಗನಿಗೆ ಸಿಕ್ಕ ಕೆಲಸ, ಕೆಲವರದು ಬರೀ ಹೆಸರು, ಕಾರಣವಿಲ್ಲ. ಇದೇ ಬಡಾವಣೆಯ ಕಾಡು ಮಲ್ಲಿಕಾರ್ಜುನನಿಗೆ ಶಿವಾಜಿಯ ಮಲತಮ್ಮ ಏಕೋಜಿ ಒಂದು ಹಳ್ಳಿಯನ್ನೇ ದತ್ತಿ ಬಿಟ್ಟದ್ದನ್ನು 1669ರ ಶಾಸನ ಹೇಳುತ್ತದೆ. ಈ ಊರು ಆಗ ಮಲ್ಲಾಪುರ. ಆ ದೊರೆ ಕಲ್ಲಿನ ಮೇಲೆ ಬರೆಸಿದ, ಇವರು ಕಂಪ್ಯೂಟರ್ ಪ್ರಿಂಟಿನ ಮೇಲೆ ಬರೆಸುತ್ತಾರೆ. ನನಗಂತೂ ಹಳ್ಳಿಯ ದತ್ತಿಗಿಂತ ಈ ಒಂದು ದಿನದ ಹುಗ್ಗಿ ಹತ್ತಿರ. ಯಾರದೋ ಮೊಮ್ಮಗಳು ಹುಟ್ಟಿದ ಖುಷಿಯನ್ನು ನಾನು ತಿನ್ನುತ್ತಿರುತ್ತೇನೆ, ಆ ಮಗುವನ್ನು ನೋಡಿದ್ದೂ ಇಲ್ಲ.

ಸಂಕ್ರಾಂತಿಗೆ ಎಲ್ಲ ಮುಗಿಯುತ್ತದೆ. ಅವತ್ತು ಸಂಜೆ ಜನವೆಲ್ಲ ಗವಿಪುರಕ್ಕೆ, ಗಂಗಾಧರೇಶ್ವರನ ಲಿಂಗದ ಮೇಲೆ ನಂದಿಯ ಕೊಂಬುಗಳ ನಡುವಿನಿಂದ ಬಿಸಿಲು ಬೀಳುವುದನ್ನು ನೋಡಲು. ಮರುದಿನದಿಂದ ಮಂಟಪಗಳಿಗೆ ಲೈಟಿನ ಸರ ಏರುತ್ತದೆ, ಐದು ಗಂಟೆಯ ಸಾಲು ಕರಗುತ್ತದೆ. ಆದರೆ ಅಷ್ಟರೊಳಗೆ ಮುಂದಿನ ವರ್ಷದ ಪಟ್ಟಿಗೆ ಹೆಸರು ಬರೆಸುವವರು ಶುರುಮಾಡಿರುತ್ತಾರೆ. ಭಾನುವಾರಗಳು ಮೊದಲು ತುಂಬುತ್ತವೆ, ವೈಕುಂಠ ಏಕಾದಶಿಯಂತೂ ಸಿಗುವುದೇ ಇಲ್ಲ. ಮಂಗಳವಾರ, ಬುಧವಾರ ಖಾಲಿ ಇರುತ್ತವೆ, ಬೇಕಾದವರು ಆಫೀಸಿನಲ್ಲಿ ಕೇಳಿ ನೋಡಿ.