ಮೊಮ್ಮಕ್ಕಳನ್ನು ಸಾಕುವ ಅಜ್ಜಿಗೆ ‘ಏನಾದ್ರೂ ಬರುತ್ತಾ?’

ಬರಲ್ಲ. ಮೊಮ್ಮಗುವನ್ನು ನೋಡಿಕೊಳ್ಳುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಅಜ್ಜಿಯ ಖಾತೆಗೆ ದುಡ್ಡು ಹಾಕುವ ಯೋಜನೆ ಕರ್ನಾಟಕ ಸರ್ಕಾರದ್ದೂ ಇಲ್ಲ, ಕೇಂದ್ರದ್ದೂ ಇಲ್ಲ. ಬರುವುದಿದ್ದರೆ ಅದು ಮಗುವಿನ ಹೆಸರಿಗೆ, ಮಗುವಿನ ಪರಿಸ್ಥಿತಿ ನೋಡಿ. ಅವಸರ ಇರುವವರು ಇಷ್ಟು ಓದಿ ಹೋಗಬಹುದು. ಆದರೆ ನಾಳೆ ಮತ್ತೆ ಇದೇ ಪ್ರಶ್ನೆ ಹಿಡಿದುಕೊಂಡು ಬರಬೇಡಿ.

ಕೇಳುವ ಧಾಟಿಯೇ ಸಿಟ್ಟು ತರಿಸುತ್ತದೆ. ‘ಪಕ್ಕದ ಬೀದಿ ಅಜ್ಜಿಗೆ ನಾಲ್ಕು ಸಾವಿರ ಬರುತ್ತಂತೆ, ನಮ್ಮಮ್ಮಂಗೂ ಏನಾದ್ರೂ ಮಾಡ್ಸಿ.’ ಮಗುವಿನ ಅಪ್ಪ ಎಲ್ಲಿ, ಅಮ್ಮ ಎಲ್ಲಿ, ಮಗು ಶಾಲೆಗೆ ಹೋಗುತ್ತಾ, ರೇಷನ್ ಕಾರ್ಡಲ್ಲಿ ಯಾರ್ಯಾರಿದ್ದಾರೆ, ಒಂದೂ ಹೇಳಲ್ಲ. ಎಲ್ಲಿ ನೋವು ಅಂತ ಹೇಳದೆ ಮಾತ್ರೆ ಕೇಳಿದ ಹಾಗೆ.

ಇನ್ನೊಂದು ಜಾತಿಯ ಪ್ರಶ್ನೆ ಬೆಂಗಳೂರಿನದು. ‘ನಾವಿಬ್ರೂ ಕೆಲಸಕ್ಕೆ ಹೋಗ್ತೀವಿ, ಪಾಪುನ ಅತ್ತೆ ನೋಡ್ಕೋತಾರೆ. ಫಾರಿನ್ನಲ್ಲಿ ಅಜ್ಜಿಯರಿಗೆ ಕೊಡ್ತಾರಂತಲ್ಲ?’ ಹೌದು, ಕೊಡುತ್ತಾರೆ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ 2023ರಿಂದ, ಎರಡು ತುಂಬಿ ಮೂರರೊಳಗಿನ ಮಗುವನ್ನು ತಿಂಗಳಿಗೆ 40 ಗಂಟೆ ನೋಡಿಕೊಳ್ಳುವ ಅಜ್ಜ-ಅಜ್ಜಿಗೆ 3 ಲಕ್ಷ ವನ್ ಸಿಗುತ್ತದೆ, ಅದಕ್ಕೂ ಆದಾಯದ ಮಿತಿ ಇದೆ. ಸ್ವೀಡನ್‌ನಲ್ಲಿ 2024ರ ಜುಲೈನಿಂದ ತಂದೆ ಅಥವಾ ತಾಯಿ ತಮ್ಮ ಸಂಬಳಸಹಿತ ಶಿಶುಪಾಲನಾ ರಜೆಯಲ್ಲಿ 45 ದಿನ ಅಜ್ಜಿಗೆ ಬಿಟ್ಟುಕೊಡಬಹುದು. ಇಲ್ಲಿ ಅದು ಯಾವುದೂ ಇಲ್ಲ. ನಿಮ್ಮ ಅತ್ತೆಗೆ ನೀವೇ ಕೊಡಿ. ಡೇಕೇರ್‌ಗೆ ಎಷ್ಟು ಕಟ್ಟಬೇಕಾಗಿತ್ತೋ ಅಷ್ಟನ್ನು ತಿಂಗಳ ಮೊದಲ ವಾರ ಅವರ ಖಾತೆಗೆ ಹಾಕಿ. ಮಗ-ಸೊಸೆ ಉಡುಗೊರೆಯಾಗಿ ಕೊಟ್ಟ ಹಣಕ್ಕೆ ಅವರ ಕೈಯಲ್ಲಿ ಆದಾಯ ತೆರಿಗೆ ಬೀಳಲ್ಲ, ಆ ನೆಪವೂ ಬೇಡ.

ಈಗ ನಿಜವಾಗಿ ದುಡ್ಡು ಬೇಕಾದವರ ವಿಷಯಕ್ಕೆ ಬರೋಣ.

ಪಕ್ಕದ ಬೀದಿಯ ಆ ನಾಲ್ಕು ಸಾವಿರ ಅಂದರೆ ಮಕ್ಕಳ ರಕ್ಷಣೆಗಿರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ (ಸ್ಪಾನ್ಸರ್‌ಶಿಪ್), ಮಗುವನ್ನು ಮನೆಯಲ್ಲೇ ಸಾಕಲು ಕೊಡುವ ನೆರವು. ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡು ನೆಂಟರ ಮನೆಯಲ್ಲಿರುವ ಮಗು, ವಿಧವೆ ಅಥವಾ ಗಂಡ ಬಿಟ್ಟುಹೋದ ತಾಯಿಯ ಮಗು, ಜೀವಕ್ಕೆ ಅಪಾಯದ ಕಾಯಿಲೆ ಇರುವವರ ಮಗು, ದುಡಿಯಲೂ ನೋಡಿಕೊಳ್ಳಲೂ ಆಗದ ಸ್ಥಿತಿಯ ಹೆತ್ತವರ ಮಗು, ಇಂಥವರಿಗೆ ತಿಂಗಳಿಗೆ 4,000 ರೂಪಾಯಿ, ಹೆಚ್ಚೆಂದರೆ 18 ತುಂಬುವವರೆಗೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ಮೀರಬಾರದು. ತಿಂಗಳ ಲೆಕ್ಕಕ್ಕೆ ಇಳಿಸಿದರೆ 6,000 ಮತ್ತು 8,000. ತಾತನಿಗೆ ಪೌರಕಾರ್ಮಿಕ ಕೆಲಸದ ಸಣ್ಣ ಪಿಂಚಣಿ ಇದ್ದರೂ ಈ ಗೆರೆ ದಾಟಿಬಿಡುತ್ತದೆ. ಅದೇ ರೇಷನ್ ಕಾರ್ಡಿನಲ್ಲಿರುವ ಚಿಕ್ಕಪ್ಪನ ಸಂಬಳವೂ ಲೆಕ್ಕಕ್ಕೆ ಬಂದರೆ ಮುಗಿದೇ ಹೋಯಿತು. ಚಿಕ್ಕಪ್ಪ ನಿಜವಾಗಿಯೂ ಬೇರೆ ಮನೆ ಮಾಡಿಕೊಂಡಿದ್ದರೆ ಮೊದಲು ಕಾರ್ಡ್ ಬೇರೆ ಮಾಡಿಸಿ, ಆಮೇಲೆ ನಾಡಕಚೇರಿಯಲ್ಲಿ ಆದಾಯ ಪ್ರಮಾಣ ಪತ್ರಕ್ಕೆ ಹೋಗಿ. ಹಿಂದುಮುಂದಾದರೆ ಹಳೆಯ ಮೊತ್ತವೇ ಪತ್ರದಲ್ಲಿ ಕೂರುತ್ತದೆ.

ಕೋವಿಡ್‌ನಲ್ಲಿ ಅನಾಥರಾದ ಮಕ್ಕಳ ಯೋಜನೆಗಳ ಸಂದೇಶ ವಾಟ್ಸಾಪ್‌ನಲ್ಲಿ ಇನ್ನೂ ಸುತ್ತುತ್ತಿದೆ. ಪಿಎಂ ಕೇರ್ಸ್ ಮಕ್ಕಳ ಯೋಜನೆ ಇದ್ದದ್ದು ಕೋವಿಡ್ ಕಾಲದ ಸಾವುಗಳಿಗೆ ಮಾತ್ರ. ಕಳೆದ ವರ್ಷ ಅಪಘಾತದಲ್ಲಿ ಸತ್ತವರ ಮಗುವಿಗೆ ಆ ಅರ್ಜಿ ಹುಡುಕುತ್ತಾ ಸೈಬರ್ ಸೆಂಟರ್‌ಗೆ ದುಡ್ಡು ಸುರಿಯಬೇಡಿ. ಪ್ರಾಯೋಜಕತ್ವದ ಅರ್ಜಿಗೆ ಶುಲ್ಕ ಇಲ್ಲ.

ಹೋಗಬೇಕಾದ್ದು ಜಿಲ್ಲಾ ಕೇಂದ್ರದಲ್ಲಿರುವ ಮಕ್ಕಳ ರಕ್ಷಣಾ ಘಟಕಕ್ಕೆ. ಅಷ್ಟು ದೂರ ಆಗದಿದ್ದರೆ ಅಂಗನವಾಡಿ ಕಾರ್ಯಕರ್ತೆಗೆ ಹೇಳಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಗುವಿನ ಜನನ ಪ್ರಮಾಣ ಪತ್ರ ಮತ್ತು ಆಧಾರ್, ತಂದೆ-ತಾಯಿಯ ಮರಣ ಪ್ರಮಾಣ ಪತ್ರ, ಅಜ್ಜಿಯ ಆಧಾರ್, ರೇಷನ್ ಕಾರ್ಡ್, ಆದಾಯ ಪತ್ರ, ಶಾಲೆಯ ವ್ಯಾಸಂಗ ಪತ್ರ, ಪಾಸ್‌ಬುಕ್, ಫೋಟೋ ಇಟ್ಟುಕೊಳ್ಳಿ. ಆಮೇಲೆ ಒಬ್ಬರು ಮನೆಗೆ ಬಂದು ನೋಡಿ ವರದಿ ಬರೆಯುತ್ತಾರೆ, ಅದು ಜಿಲ್ಲಾ ಸಮಿತಿಯ ಮುಂದೆ ಹೋಗುತ್ತದೆ. ಅವರು ಬಂದಾಗ ‘ಹೇಗೋ ನಡೀತಿದೆ ಸಾರ್’ ಅಂತ ಮರ್ಯಾದೆಗೆ ಹೇಳುವ ಅಜ್ಜಿಯರೇ ಜಾಸ್ತಿ. ಆ ಮಾತನ್ನೇ ವರದಿಯಲ್ಲಿ ಬರೆದುಕೊಂಡು ಹೋಗುತ್ತಾರೆ. ಸಾಲ ಇದ್ದರೆ ಸಾಲ ಅನ್ನಿ, ಮಾತ್ರೆಗೆ ಎಷ್ಟು ಖರ್ಚು ಅಂತ ಹೇಳಿ.

ಕಡತ ನಿಲ್ಲುವುದು ಹೆಸರಿನಲ್ಲಿ. ಶಾಲೆಯ ದಾಖಲೆಯಲ್ಲಿ ಅಪ್ಪ ‘ರಾಜು’, ಮರಣ ಪ್ರಮಾಣ ಪತ್ರದಲ್ಲಿ ‘ರಾಜಣ್ಣ’, ರೇಷನ್ ಕಾರ್ಡಲ್ಲಿ ‘ರಾಜ ಕೆ’. ಊರಿಗೆಲ್ಲ ಗೊತ್ತು ಒಬ್ಬನೇ ಅಂತ, ಕಂಪ್ಯೂಟರಿಗೆ ಮೂರು ಜನ. ಜನನ-ಮರಣ ನೋಂದಣಾಧಿಕಾರಿ ತಿದ್ದಿಕೊಡಬಹುದಾದ್ದು ಮರಣ ಪ್ರಮಾಣ ಪತ್ರವನ್ನು, ಅದನ್ನು ಮೊದಲು ಮಾಡಿಸಿ. ಸಾವನ್ನು ನೋಂದಾಯಿಸಿಯೇ ಇಲ್ಲದೆ ವರ್ಷ ಕಳೆದಿದ್ದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು.

ಮಂಜೂರಾದ ಮೇಲೂ ದುಡ್ಡು ಬಂದಿಲ್ಲ ಅಂತ ಕೂಗುವವರು ಬ್ಯಾಂಕಲ್ಲಿ ಒಂದೇ ಮಾತು ಕೇಳಿ: ‘ಎನ್‌ಪಿಸಿಐ ಮ್ಯಾಪಿಂಗ್ ಯಾವ ಖಾತೆಗೆ ಆಗಿದೆ?’ ಅಂದರೆ ಸರ್ಕಾರದ ಹಣ ಬೀಳಲು ಆಧಾರ್ ನಂಬರನ್ನು ಯಾವ ಖಾತೆಗೆ ಜೋಡಿಸಿದೆ ಅಂತ. ಖಾತೆಗೆ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಇದು ಆಗಿರುವುದಿಲ್ಲ. ಒಂದು ಆಧಾರ್‌ಗೆ ಒಂದೇ ಖಾತೆ, ಕೊನೆಗೆ ಜೋಡಿಸಿದ್ದು ಯಾವುದೋ ಅಲ್ಲಿಗೇ ಹಣ ಹೋಗುತ್ತದೆ. ಮಗುವಿಗೆ 5 ಮತ್ತು 15 ತುಂಬಿದಾಗ ಬೆರಳಚ್ಚು ನವೀಕರಿಸದಿದ್ದರೂ ತೊಡಕು. ಇನ್ನು ಹಣ ತಿಂಗಳು ತಿಂಗಳು ತಪ್ಪದೆ ಬೀಳುತ್ತದೆ ಅಂತ ನಂಬಿ ಚೀಟಿ ಹಾಕಬೇಡಿ; ಅನುದಾನ ಬಂದ ಹಾಗೆ ಬರುತ್ತದೆ.

ಇಷ್ಟೆಲ್ಲ ಸಲೀಸು, ಯಾಕೆಂದರೆ ಇಲ್ಲಿ ಮರಣ ಪ್ರಮಾಣ ಪತ್ರ ಇದೆ. ಕೇಳುವವರಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ಯಾರೂ ಸತ್ತಿರುವುದಿಲ್ಲ. ಅಪ್ಪ ಕುಡಿದು ಊರು ಬಿಟ್ಟಿದ್ದಾನೆ, ಅಮ್ಮ ಮರುಮದುವೆಯಾಗಿ ಹೋಗಿದ್ದಾಳೆ, ಮಗು ಅಜ್ಜಿಯ ಸೆರಗು ಹಿಡಿದಿದೆ. ಇಂಥವರು ಬಂದು ‘ಏನಾದ್ರೂ ಬರುತ್ತಾ’ ಅಂದಾಗ ನನಗನ್ನಿಸುವುದು, ಒಬ್ಬರಾದರೂ ಹೀಗೆ ಕೇಳಬಾರದೇ ಅಂತ: ‘ಕಾಗದದ ಮೇಲೆ ಈ ಮಗುವಿಗೆ ನಾನು ಯಾರು?’

ಉತ್ತರ ಕಹಿಯಾಗಿದೆ. ಎಂಟು ವರ್ಷ ಸಾಕಿದರೂ, ಕಾಗದದ ಮೇಲೆ ಯಾರೂ ಅಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆಯಲ್ಲಿ ಸಹಜ ಪಾಲಕರು ಅಂದರೆ ತಂದೆ, ಆಮೇಲೆ ತಾಯಿ. ಅಜ್ಜ-ಅಜ್ಜಿ ಆ ಪಟ್ಟಿಯಲ್ಲಿಲ್ಲ. (ಮುಸ್ಲಿಂ ಕಾನೂನಿನಲ್ಲಿ ಮಗುವಿನ ಆಸ್ತಿಯ ಮಟ್ಟಿಗೆ ತಂದೆಯ ತಂದೆಗೆ ಸ್ಥಾನವಿದೆ, ತಾಯಿಯ ಕಡೆಯವರಿಗಿಲ್ಲ.) ಇದರ ಬಿಸಿ ಸುಕನ್ಯಾ ಸಮೃದ್ಧಿ ಖಾತೆ ತೆರೆದ ಅಜ್ಜಿಯರಿಗೆ ತಟ್ಟಿದ್ದು 2024ರ ಅಕ್ಟೋಬರ್ 1ರಿಂದ. ಕಾನೂನುಬದ್ಧ ಪಾಲಕರಲ್ಲದ ಅಜ್ಜ-ಅಜ್ಜಿ ತೆರೆದ ಖಾತೆಗಳ ಪಾಲಕತ್ವವನ್ನು ತಂದೆ-ತಾಯಿಗೋ, ಕೋರ್ಟು ನೇಮಿಸಿದ ಪಾಲಕರಿಗೋ ವರ್ಗಾಯಿಸಬೇಕು ಅಂತ ನಿಯಮ ಬಂತು. ಕೂಲಿ ದುಡ್ಡಲ್ಲಿ ಕಟ್ಟಿದ್ದು ಅಜ್ಜಿ, ಸಹಿಯ ಹಕ್ಕು ಓಡಿಹೋದ ಅಪ್ಪನದು.

ದಾರಿ ಎರಡಿವೆ. ಒಂದು, ಮಗುವನ್ನು ಕರೆದುಕೊಂಡು ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗುವುದು. ಹೆತ್ತವರು ನೋಡಿಕೊಳ್ಳುತ್ತಿಲ್ಲ ಅಂತ ಮನವರಿಕೆಯಾದರೆ, ಇದು ಪೋಷಣೆ ಮತ್ತು ರಕ್ಷಣೆ ಬೇಕಾದ ಮಗು ಅಂತ ದಾಖಲಿಸಿ, ಅಜ್ಜಿಯ ಬಳಿಯೇ ಇರಲು ಆದೇಶ ಕೊಡುವ ಅಧಿಕಾರ ಅವರಿಗಿದೆ. ಪ್ರಾಯೋಜಕತ್ವಕ್ಕೆ ಈ ಆದೇಶ ದೊಡ್ಡ ಬಲ. ‘ಮಗುನ ಹಾಸ್ಟೆಲ್‌ಗೆ ಎತ್ಕೊಂಡು ಹೋಗ್ತಾರೆ’ ಅಂತ ಹೆದರಿ ಹೋಗದವರು ಬಹಳ. ಕಾನೂನು ಸಂಸ್ಥೆಯನ್ನು ಕೊನೆಯ ಆಯ್ಕೆ ಅನ್ನುತ್ತದೆ, ಮನೆಯನ್ನು ಮೊದಲನೆಯದು ಅನ್ನುತ್ತದೆ.

ಇನ್ನೊಂದು, 1890ರ ಪಾಲಕರ ಮತ್ತು ಪಾಲ್ಯರ ಕಾಯ್ದೆಯಡಿ ಕೋರ್ಟಿನಿಂದ ಪಾಲಕರಾಗಿ ನೇಮಕವಾಗುವುದು. ಮಗುವಿನ ಹೆಸರಲ್ಲಿ ಜಮೀನು, ವಿಮೆ, ಪಿಂಚಣಿ ಏನಿದ್ದರೂ ಇದೇ ಬೇಕು. ಮಗು ವಾಸವಿರುವ ಊರಿನ ವ್ಯಾಪ್ತಿಯ ಕೋರ್ಟಲ್ಲಿ ಅರ್ಜಿ. ವಕೀಲರಿಗೆ ದುಡ್ಡಿಲ್ಲ ಅನ್ನುವವರಿಗೆ ಒಂದು ಉಪಾಯ: ಅರ್ಜಿ ತಾತನ ಹೆಸರಲ್ಲಿ ಬೇಡ, ಅಜ್ಜಿಯ ಹೆಸರಲ್ಲಿ ಹಾಕಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಇದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಅಪ್ಪ ಎಲ್ಲಿದ್ದಾನೆ, ಏನು ದುಡಿಯುತ್ತಾನೆ ಅಂತ ಗೊತ್ತಿದ್ದರೆ ಅಲ್ಲೇ ಮಗುವಿನ ಪರವಾಗಿ ಜೀವನಾಂಶದ ಅರ್ಜಿಯ ಬಗ್ಗೆಯೂ ಕೇಳಿ. ‘ನನ್ನ ಮಗನ ಮೇಲೇ ಕೇಸಾ?’ ಅಂದರೆ ನನ್ನ ಹತ್ತಿರ ಉತ್ತರವಿಲ್ಲ, ನಿಮ್ಮ ಮನೆ ವಿಷಯ.

ಮಗ ಅಥವಾ ಮಗಳು ತೀರಿಕೊಂಡಿದ್ದರೆ ಪೆಟ್ಟಿಗೆಯಲ್ಲಿರುವ ಅವರ ಪಾಸ್‌ಬುಕ್ ತೆಗೆಯಿರಿ. ಮೇ ಕೊನೆ, ಜೂನ್ ಮೊದಲ ವಾರದ ಸಾಲುಗಳ ಮೇಲೆ ಬೆರಳಿಟ್ಟು ನೋಡಿ. 436 ರೂಪಾಯಿ ಕಡಿತವಾಗಿದ್ದರೆ ಜೀವನ ಜ್ಯೋತಿ ವಿಮೆ, ಸಾವು ಹೇಗೇ ಆಗಿರಲಿ 2 ಲಕ್ಷ. 20 ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ವಿಮೆ, ಅಪಘಾತದಲ್ಲಿ ಸತ್ತರೆ 2 ಲಕ್ಷ, ಅದಕ್ಕೆ ಎಫ್‌ಐಆರ್ ಮತ್ತು ಮರಣೋತ್ತರ ಪರೀಕ್ಷೆಯ ವರದಿ ಬೇಕು. ಕಡಿತವಾದ ವರ್ಷದ ಜೂನ್ 1ರಿಂದ ಮುಂದಿನ ಮೇ 31ರವರೆಗೆ ಅದರ ಅವಧಿ. ವರ್ಷಗಟ್ಟಲೆ ನಾಲ್ಕು ಸಾವಿರಕ್ಕೆ ಅಲೆಯುವವರ ಮನೆಯಲ್ಲೇ ಈ 2 ಲಕ್ಷದ ಸಾಲು ಯಾರೂ ಓದದೆ ಬಿದ್ದಿರುತ್ತದೆ.

ಗಾರ್ಮೆಂಟ್ಸೋ ಫ್ಯಾಕ್ಟರಿಯೋ ಆಗಿದ್ದು ಪಿಎಫ್ ಕಟ್ ಆಗುತ್ತಿದ್ದರೆ, ಪಿಎಫ್ ಹಣದ ಜೊತೆಗೆ ಅನಾಥ ಪಿಂಚಣಿ ಅಂತ ಇದೆ. ವಿಧವಾ ಪಿಂಚಣಿಯ ಶೇ 75, ಕನಿಷ್ಠ 750 ರೂಪಾಯಿ, ಏಕಕಾಲಕ್ಕೆ ಇಬ್ಬರು ಮಕ್ಕಳಿಗೆ, 25 ತುಂಬುವವರೆಗೆ. ಸೊಸೆ ಮರುಮದುವೆಯಾಗಿ ಅವಳ ಪಿಂಚಣಿ ನಿಂತರೂ ಮಕ್ಕಳಿಗೆ ಇದು ಸಲ್ಲುತ್ತದೆ. ಅರ್ಜಿ ಫಾರಂ 10ಡಿ. ಕೋರ್ಟು ಕೊಟ್ಟ ಪಾಲಕರ ಪ್ರಮಾಣ ಪತ್ರ ಕೇಳುವುದು ಇಲ್ಲೇ.

ಅಜ್ಜಿಯ ಸ್ವಂತದ್ದು ಬೇರೆ ಲೆಕ್ಕ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ 1,200 ಇದೆ. ಗೃಹಲಕ್ಷ್ಮಿಯ 2,000 ರೇಷನ್ ಕಾರ್ಡಿನ ಯಜಮಾನಿಗೆ; ಯಜಮಾನಿಯಾಗಿದ್ದ ಸೊಸೆ ಹೋದ ಮೇಲೆ ಕಾರ್ಡಿನಲ್ಲಿ ಹೆಸರು ಬದಲಿಸದೆ ಕೂತರೆ ಅದೂ ಇಲ್ಲ.

ಇನ್ನೊಂದು ವಿಷಯ, ಇದನ್ನು ಯಾರೂ ಮುಂಚೆ ಕೇಳಲ್ಲ, ಹಣ ನಿಂತ ಮೇಲೆ ಜಗಳಕ್ಕೆ ಬರುತ್ತಾರೆ. ಪ್ರಾಯೋಜಕತ್ವ ಶಾಲೆಯ ಹಾಜರಾತಿಗೆ ಕಟ್ಟಿಹಾಕಿದ್ದು. ಮಗು 30 ದಿನಕ್ಕಿಂತ ಹೆಚ್ಚು ಶಾಲೆ ತಪ್ಪಿಸಿದರೆ ಹಣ ತಡೆಹಿಡಿಯಬಹುದು. ಕಾಯಿಲೆಯಾಗಿದ್ದರೆ ಆಸ್ಪತ್ರೆ ಚೀಟಿಯನ್ನು ಹೆಡ್‌ಮೇಷ್ಟ್ರಿಗೂ ಮಕ್ಕಳ ರಕ್ಷಣಾ ಘಟಕಕ್ಕೂ ಕೊಟ್ಟಿರಿ. ಮಗು ಆರನೇ ಕ್ಲಾಸಿಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆ ಸೇರಿದರೆ ಆ 4,000 ನಿಲ್ಲುತ್ತದೆ. ಹಾಗಂತ ಸೀಟು ಬಿಡಬೇಡಿ. ಊಟ, ವಸತಿ, ಪುಸ್ತಕ ಎಲ್ಲ ಅಲ್ಲೇ ಆಗುತ್ತದೆ, ತೂಗಿ ನೋಡಿದರೆ ಅದೇ ಹೆಚ್ಚು. ಸೇರಿಸಿದ ವಾರವೇ ಘಟಕಕ್ಕೆ ಬರೆದು ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ.