407ರ ಟೆಂಪರೇಚರ್ ಮುಳ್ಳು: ಹೆಡ್ ಬಿಚ್ಚದೆ ಸಿಕ್ಕಿಬಿದ್ದ ಕಳ್ಳ

ಕೊನೆಗೂ ಸಿಕ್ಕಿತು! ಎಂಜಿನ್ ಸರಿಯಿದೆ, ರೇಡಿಯೇಟರ್ ಸರಿಯಿದೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗಕ್ಕೂ ಬ್ಲಾಕಿಗೂ ನಡುವಿನ ಸೀಲು) ಗಟ್ಟಿಯಾಗಿದೆ. ಈ ಮಳೆಗಾಲ ಪೂರ್ತಿ ಟೆಂಪರೇಚರ್ ಮುಳ್ಳನ್ನು ಸುಮ್ಮನೆ ಕೆಂಪಿಗೆ ಏರಿಸಿ ಆಟ ಆಡಿಸಿದ್ದು ಡ್ಯಾಶ್‌ಬೋರ್ಡಿನ ಹಿಂದಿನ ಒಂದು ಅರ್ತ್ ಬೋಲ್ಟ್, ಅಂದರೆ ಕರೆಂಟು ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ಜಾಗ.

ಗಾಡಿ ತೊಂಬತ್ತರ ದಶಕದ ಟಾಟಾ 407, 497 ಎಂಜಿನ್. ಫ್ಲಶ್ಶು, ಹೋಸು, ವಾಟರ್ ಪಂಪು, ಬೆಲ್ಟು ಎಲ್ಲ ಮುಗಿದ ಮೇಲಿನ ಕತೆ ಇದು. ಗೇಜ್ ಮಾತ್ರ ಹಿಂದಿನ ಮಾಲೀಕರು ಯಾವ ಕಾಲದಲ್ಲೋ ಹಾಕಿಸಿದ್ದು. ಹಿಂದೆ ಮೂರು ಟರ್ಮಿನಲ್, ಮುಂದೆ ಅಂಕಿಯೇ ಇಲ್ಲದ ಹಸಿರು-ಕೆಂಪು ಪಟ್ಟಿ. ಹುಲಿಕಲ್ ಘಾಟಿ ಹತ್ತಿದಾಗಲೆಲ್ಲ ಮುಳ್ಳು ಕೆಂಪಿಗೆ ಹೋಗಿ ಕೂರುತ್ತಿತ್ತು. ನಿಲ್ಲಿಸಿ ಬಾನೆಟ್ ಎತ್ತಿದರೆ ಕುದಿಯುವ ಸದ್ದಿಲ್ಲ, ಹಬೆಯಿಲ್ಲ, ಓವರ್‌ಫ್ಲೋ ಪೈಪಿನಿಂದ ಒಂದು ಹನಿ ನೀರಿಲ್ಲ.

ನೋಡಿದವರದ್ದೆಲ್ಲ ಒಂದೇ ತೀರ್ಪು: "ಹೆಡ್ ಗ್ಯಾಸ್ಕೆಟ್ ಹೋಗಿದೆ ಮಾರಾಯ್ರೆ, ಬಿಚ್ಚೋದೇ ಸೈ." ಮುಳ್ಳು ನಿಜ ಹೇಳುತ್ತಿದೆಯೋ ಇಲ್ಲವೋ ಎಂದು ನೋಡದೆ ಹೆಡ್ ಬಿಚ್ಚಲು ನಾನು ತಯಾರಿರಲಿಲ್ಲ. ಸೆಂಡರ್ (ಎಂಜಿನ್ ನೀರಿನ ಬಿಸಿಯನ್ನು ಗೇಜಿಗೆ ತಿಳಿಸುವ ಸೆನ್ಸರ್), ಗೇಜ್, ಅರ್ತ್ ಈ ಮೂರನ್ನೂ ಬೇರೆಬೇರೆಯಾಗಿ ಪರೀಕ್ಷೆ ಮಾಡಲೇಬೇಕು. ಮೂರೂ ಪಾಸಾದ ಮೇಲೆ ಸ್ಪ್ಯಾನರ್ ಹಿಡಿಯೋಣ.

ಮೊದಲು ಸೆಂಡರ್. ಕೊಟ್ಟಿಗೆ ಪಕ್ಕದ ಒಲೆಯ ಮೇಲೆ ಹಳೇ ಪಾತ್ರೆಯಲ್ಲಿ ನೀರಿಟ್ಟು, ಸೆಂಡರಿನ ಹಿತ್ತಾಳೆ ಮೂತಿಯನ್ನಷ್ಟೇ ಮುಳುಗಿಸಿ, ಪಕ್ಕದಲ್ಲೇ ಕೆ-ಟೈಪ್ ಥರ್ಮೋಕಪಲ್ (ಮೀಟರಿಗೆ ಜೋಡಿಸಿ ಬಿಸಿ ಅಳೆಯುವ ವಯರ್) ಇಳಿಬಿಟ್ಟೆ. ಎರಡೂ ಪಾತ್ರೆಯ ತಳಕ್ಕೆ ತಾಗಬಾರದು. ನೀರು ಕಾಯುವಾಗಿನ ರೀಡಿಂಗ್ ನಂಬಬೇಡಿ, ಪಾತ್ರೆ ಕೆಳಗಿಳಿಸಿ, ಕದಡುತ್ತಾ, ಆರುವಾಗ ಬರೆದುಕೊಳ್ಳಿ. ಇನ್ನೊಂದು ಮಾತು. ತೀರ್ಥಹಳ್ಳಿ ಸುತ್ತಮುತ್ತ ನಾವಿರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ. 300 ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ. ಹಾಗಾಗಿ ಕುದಿಯುವ ನೀರು ಎಂದರೆ ನಮಗೆ 98, 100 ಅಲ್ಲ. ಥರ್ಮೋಕಪಲ್ ಸರಿಯಾಗಿ ಅಲ್ಲೇ ನಿಂತಿತು, ಅದರ ಮೇಲೆ ನಂಬಿಕೆ ಬಂತು.

ಸೆಂಡರ್ ಅಪ್ಪಟ ಚಿನ್ನ. 80 ಡಿಗ್ರಿಯಲ್ಲಿ ಸುಮಾರು 69 ಓಮ್, 90ರಲ್ಲಿ 51. ಬಿಸಿ ಏರಿದಂತೆ ರೆಸಿಸ್ಟೆನ್ಸ್ ಇಳಿಯಬೇಕು, ಒಂದು ಕಡೆಯೂ ಎಗರದೆ ನೀಟಾಗಿ ಇಳಿದಿದೆ.

ಇಲ್ಲಿ ಅಂಗಡಿಯವರ ಬಗ್ಗೆ ಸ್ವಲ್ಪ ಬೈಯಲೇಬೇಕು. ಸ್ಪೇರ್ ಇರಲಿ ಎಂದು ಶಿವಮೊಗ್ಗದ ಒಂದು ಅಂಗಡಿಯಲ್ಲಿ ಹೊಸ ಸೆಂಡರ್ ಕೇಳಿದೆ. "ಎಲ್ಲಾ ಗಾಡಿಗೂ ಆಗುತ್ತೆ ಸಾರ್" ಎಂದು ಕೊಟ್ಟರು. ಥ್ರೆಡ್ ಕೂರುತ್ತದೆ, ಅದು ನಿಜ. ಅದೇ ನೀರಿಗೆ ಹಾಕಿದರೆ 80 ಡಿಗ್ರಿಯಲ್ಲಿ ಹಳೆಯದರ ಎರಡು ಪಟ್ಟು ಓಮ್! ಅದನ್ನು ಹಾಕಿ ಓಡಿಸಿದ್ದರೆ ಮುಳ್ಳು ಯಾವಾಗಲೂ ತಣ್ಣಗೆ, ಖುಷಿಯಾಗಿ ಹಸಿರಿನಲ್ಲಿ ಮಲಗಿರುತ್ತಿತ್ತು, ಎಂಜಿನ್ ಸುಟ್ಟುಹೋಗುವವರೆಗೂ. ಜಾಸ್ತಿ ತೋರಿಸುವ ಗೇಜ್ ನಿದ್ದೆ ಕೆಡಿಸುತ್ತದೆ, ಕಮ್ಮಿ ತೋರಿಸುವ ಗೇಜ್ ಮನೆ ಹಾಳು ಮಾಡುತ್ತದೆ. ವಾಪಸ್ ತೆಗೆದುಕೊಳ್ಳಲಿಲ್ಲ, ಎಲೆಕ್ಟ್ರಿಕಲ್ ಐಟಮ್ ಅಂತೆ.

ಆ ಸೆಂಡರ್ ದಂಡವಾಗದು. ತೋಟದ ಹಳೇ ಡೀಸೆಲ್ ಪಂಪ್‌ಸೆಟ್ಟನ್ನು ಮುಂದಿನ ಬೇಸಿಗೆಗೆ ಎಬ್ಬಿಸುವ ಯೋಚನೆಯಿದೆ. ಅಜ್ಜನ ಕಾಲದ್ದು, ಪಕ್ಕದಲ್ಲಿ ಡ್ರಮ್ ನೀರಿಟ್ಟು ತಣಿಸುವ ಜಾತಿ, ಗೇಜೇ ಇಲ್ಲ. ಔಟ್‌ಲೆಟ್ ಪೈಪಿಗೆ ಒಂದು ಟಿ ಹಾಕಿ, ಈ ಸೆಂಡರ್ ಕೂರಿಸಿ, ಅದಕ್ಕೆ ತಕ್ಕ ಸ್ಕೇಲ್ ನಾನೇ ಬರೆದರಾಯಿತು. ಇಂಜೆಕ್ಟರ್ ನಾಜಲ್ ಹುಡುಕುವುದೇ ಅಲ್ಲಿ ದೊಡ್ಡ ಕೆಲಸ. ಇರಲಿ, 407ಕ್ಕೆ ಬರೋಣ.

ಸೆಂಡರಿನ ಜಾಗದಲ್ಲಿ ರೆಸಿಸ್ಟರ್ ಹಾಕಿ ಗೇಜ್ ನೋಡಿದೆ. 68 ಓಮ್ ಅಂದರೆ 80 ಡಿಗ್ರಿ, 51 ಅಂದರೆ 90, 39 ಅಂದರೆ 100ರ ಹತ್ತಿರ. ಮೂರೂ ಅಂಗಡಿಯಲ್ಲಿ ಸಿಗುವ ಅಳತೆಗಳೇ. 2 ವ್ಯಾಟ್‌ನದ್ದನ್ನೇ ತನ್ನಿ, ಕಾಲು ವ್ಯಾಟ್‌ನದ್ದು ಊದಿನಕಡ್ಡಿ ಆಗುತ್ತದೆ. ಮುಳ್ಳು ಮೂರು ಕಡೆಯೂ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಸೆಂಡರ್ ಪಾಸ್, ಗೇಜ್ ಪಾಸ್. ಹಾಗಾದರೆ ಘಾಟಿಯಲ್ಲಿ ಎಂತ ಆಗುತ್ತದೆ?

ಥರ್ಮೋಸ್ಟ್ಯಾಟ್ ಹೌಸಿಂಗಿಗೆ (ಎಂಜಿನ್ನಿನ ಬಿಸಿನೀರು ಹಾದುಹೋಗುವ ಲೋಹದ ಕವಚ) ಥರ್ಮೋಕಪಲ್ ಬಿಗಿದು, ಮೇಲೆ ಫೋಮ್ ಸುತ್ತಿ, ವಯರನ್ನು ಕ್ಯಾಬಿನ್ನಿಗೆ ಎಳೆದು ಭಾವನ ಕೈಗೆ ಮೀಟರ್ ಕೊಟ್ಟೆ. (ಇನ್‌ಫ್ರಾರೆಡ್ ಗನ್ ಹಿಡಿಯುವವರು ಹೌಸಿಂಗಿಗೆ ಮೊದಲು ಮ್ಯಾಟ್ ಕಪ್ಪು ಬಣ್ಣ ಬಳಿಯಿರಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ತುಂಬಾ ಕಮ್ಮಿ ತೋರಿಸುತ್ತದೆ.) ಹುಲಿಕಲ್ ಏರಿನಲ್ಲಿ ಮುಳ್ಳು ಕೆಂಪು ಮುಟ್ಟಿದಾಗ ಭಾವ ಕೂಗಿದ: "ಎಂಬತ್ತೇಳು! ಎಂಬತ್ತೇಳೇ ಮಾರಾಯ!" ಎಂಜಿನ್ ಆರಾಮಾಗಿತ್ತು.

ಸುಳಿವು ಸಿಕ್ಕಿದ್ದು ಘಾಟಿಯಲ್ಲಲ್ಲ, ಶಿವಮೊಗ್ಗದಿಂದ ರಾತ್ರಿ ವಾಪಸ್ ಬರುವಾಗ. ಗಾಜನೂರು ದಾಟಿ ಮಂಡಗದ್ದೆ ಕಡೆ ಖಾಲಿ ಗಾಡಿ, ಏರೇ ಇಲ್ಲ, ಆದರೂ ಮುಳ್ಳು ಮೇಲೆ. ಎದುರಿನ ಬಸ್ಸಿಗೆ ಡಿಮ್ ಮಾಡಿದೆ, ಮುಳ್ಳು ಚೂರು ಅಲುಗಿತು. ಗಾಡಿ ಬದಿಗೆ ನಿಲ್ಲಿಸಿ ಹೆಡ್‌ಲೈಟ್ ಪೂರ್ತಿ ಆಫ್ ಮಾಡಿದೆ, ಮುಳ್ಳು ಹಸಿರಿಗೆ ಇಳಿಯಿತು. ಆನ್ ಮಾಡಿದೆ, ಕೆಂಪಿಗೆ ಏರಿತು. ಹುಲಿಕಲ್ಲಿನಲ್ಲಿ ಮಂಜು, ಮಳೆ. ಹಗಲಲ್ಲೂ ಲೈಟು, ವೈಪರ್ ಹಾಕಿಯೇ ಹತ್ತುವುದು. ಮುಳ್ಳನ್ನು ಏರಿಸಿದ್ದು ಏರು ಅಲ್ಲ, ಲೈಟು!

ಬೆಳಿಗ್ಗೆ ಮಲ್ಟಿಮೀಟರಿನ ಕಪ್ಪು ಪ್ರೋಬ್ ಬ್ಯಾಟರಿ ನೆಗೆಟಿವ್‌ಗೆ, ಕೆಂಪು ಪ್ರೋಬ್ ಗೇಜಿನ ಅರ್ತ್ ಟರ್ಮಿನಲ್ಲಿಗೆ. ಲೈಟ್ ಆಫ್ ಇದ್ದಾಗ 0.1 ವೋಲ್ಟ್, ಲೈಟ್ ಹಾಕಿದರೆ 1.4. ಈ ತರದ ಗೇಜಿನೊಳಗೆ ಎರಡು ಕಾಯಿಲ್ ಇರುತ್ತವೆ. ಒಂದು ಸೆಂಡರ್ ಮೂಲಕ ಅರ್ತ್ ಆಗುತ್ತದೆ, ಇನ್ನೊಂದು ನೇರವಾಗಿ. ಎರಡರ ಜಗ್ಗಾಟ ಎಲ್ಲಿ ಸಮವಾಗುತ್ತದೋ ಅಲ್ಲಿ ಮುಳ್ಳು. ಲೈಟು, ವೈಪರಿನ ಕರೆಂಟೂ ಅದೇ ಕೆಟ್ಟ ಅರ್ತಿನಿಂದ ವಾಪಸ್ ಹೋಗಲು ಒದ್ದಾಡಿದಾಗ ನೇರ ಕಾಯಿಲ್ ಸೊರಗುತ್ತದೆ, ಸೆಂಡರ್ ಕಾಯಿಲ್ ಮುಳ್ಳನ್ನು ಬಿಸಿಯ ಕಡೆ ಎಳೆದುಕೊಳ್ಳುತ್ತದೆ. ಎಂಜಿನ್ ಕಡೆಯ ಅರ್ತ್ ಕೆಟ್ಟರೆ ಇದರ ಉಲ್ಟಾ, ಕಮ್ಮಿ ತೋರಿಸುತ್ತದೆ. ಸೆಂಡರ್ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದರೂ ಅದೇ ಗತಿ ಆಗಬಹುದು.

ಬೋಲ್ಟ್ ಬಿಚ್ಚಿದರೆ ಕೆಳಗೆ ನೀಲಿ ಪೇಂಟು, ಪೇಂಟಿನ ಕೆಳಗೆ ತುಕ್ಕು, ಲಗ್ಗಿನೊಳಗೆ (ವಯರಿನ ತುದಿಯ ಲೋಹದ ಬಳೆ) ಹಸಿರು ಕಿಲುಬು. ಯಾರೋ ಕ್ಯಾಬಿನ್ನಿಗೆ ಬಣ್ಣ ಹೊಡೆದು ಅದರ ಮೇಲೇ ಲಗ್ ಬಿಗಿದಿದ್ದಾರೆ. ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ಲಗ್, ಸ್ಟಾರ್ ವಾಷರ್, ಮೇಲೆ ಗ್ರೀಸ್, ಜತೆಗೆ ಗೇಜಿಗೇ ಪ್ರತ್ಯೇಕವಾಗಿ ಬ್ಯಾಟರಿವರೆಗೆ ಒಂದು ಅರ್ತ್ ವಯರ್. ಈಗ ಲೈಟು, ವೈಪರ್, ಹಾರ್ನ್ ಎಲ್ಲ ಒಟ್ಟಿಗೆ ಹಾಕಿದರೂ 0.03 ವೋಲ್ಟ್. ಮುಳ್ಳು ಅಲುಗುವುದಿಲ್ಲ. ಅದೇ ರೆಸಿಸ್ಟರ್‌ಗಳನ್ನು ಮತ್ತೆ ಹಾಕಿ, 80, 90, 100ಕ್ಕೆ ಗಾಜಿನ ಮೇಲೆ ಬಿಳಿ ಪೇಂಟಿನ ಚುಕ್ಕೆ ಇಟ್ಟಿದ್ದೇನೆ.

ಒಂದು ಅಪಾಯ ಹಾಗೇ ಉಳಿದಿದೆ. ಸೆಂಡರ್ ನೀರಿನಲ್ಲಿ ಮುಳುಗಿದ್ದರಷ್ಟೇ ಅದರ ಮಾತಿಗೆ ಬೆಲೆ. ಹೋಸ್ ಒಡೆದು ಕೂಲಂಟ್ ಖಾಲಿಯಾದರೆ ಎಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಅದಕ್ಕೆ ರೇಡಿಯೇಟರಿನ ಮೇಲಿನ ಟ್ಯಾಂಕಿಗೆ ಲೆವೆಲ್ ಪ್ರೋಬ್ ಹಾಕಿ ಬಜರ್ ಕೊಡಬೇಕೆಂದಿದ್ದೇನೆ. ಹಿತ್ತಾಳೆ ಟ್ಯಾಂಕಿಗೆ ಹೀಗೆ ಮಾಡಿದವರು ಇದ್ದರೆ, ಪ್ರೋಬನ್ನು ಮುಚ್ಚಳದಿಂದ ಎಷ್ಟು ಕೆಳಗೆ ಕೂರಿಸಿದಿರಿ, ಗಾಡಿ ಏರಿನಲ್ಲಿ ವಾಲಿದಾಗ ಸುಮ್ಮಸುಮ್ಮನೆ ಕೂಗುತ್ತದೆಯೇ, ತಿಳಿಸಿ.