ನಮಗೆ ಸುಗ್ಗಿ ಇಲ್ಲ ಸರ್

8ನೇ ತರಗತಿಯ ಕನ್ನಡ ಪೀರಿಯಡ್. ಮಾಷ್ಟ್ರು ಬೋರ್ಡಿನ ಮೇಲೆ ‘ಸುಗ್ಗಿ’ ಎಂದು ಬರೆದು, ಅರ್ಥ ಹೇಳಿ, ವಾಕ್ಯ ಮಾಡಿ ಎಂದರು. ಪುಸ್ತಕದ ಸುಗ್ಗಿಯಲ್ಲಿ ಸಂಕ್ರಾಂತಿ, ಎಳ್ಳುಬೆಲ್ಲ, ಕಣದ ರಾಶಿ. ಉಡುಪಿ ಆಚೀಚೆಯ ನಮಗೆ ಎಳ್ಳುಬೆಲ್ಲ ಅಷ್ಟಕ್ಕಷ್ಟೆ. ಸುಗ್ಗಿ ಅಂದರೆ ತಿಂಗಳು ಎಂದಳು ಒಬ್ಬಳು. ತಪ್ಪಲ್ಲ, ತುಳು ವರ್ಷದ ಕೊನೆಯ ತಿಂಗಳು ಸುಗ್ಗಿ, ಹೊಸ ವರ್ಷದ ಬಿಸು ಹಬ್ಬಕ್ಕೆ ಮೊದಲ ತಿಂಗಳು ಪಗ್ಗು ಶುರು. ಎರಡನೇ ಬೆಳೆ ಎಂದ ಇನ್ನೊಬ್ಬ. ಅದೂ ಸರಿ. ಮಳೆಗಾಲದ್ದು ಏಣೆಲು, ಆಮೇಲೆ ಸುಗ್ಗಿ, ಕೊನೆಗೆ ಕೊಳಕೆ. ನನ್ನ ಸರದಿ ಬಂದಾಗ ಬಾಯಿತಪ್ಪಿ, “ನಮಗೆ ಸುಗ್ಗಿ ಇಲ್ಲ ಸರ್” ಅಂದುಬಿಟ್ಟೆ. ಕ್ಲಾಸು ಗೊಳ್ಳೆಂದಿತು.

ಮಾಷ್ಟ್ರು ನಗಲಿಲ್ಲ. “ನಿಮ್ಮದು ಬೆಟ್ಟು ಗದ್ದೆಯಾ?” ಎಂದರು. ಹೌದು. ನೀರಿರುವ ಬೈಲಿನಲ್ಲಿ ಮೂರು ಬೆಳೆ, ನಡುವಿನ ಮಜಲಿನಲ್ಲಿ ಎರಡು, ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದೇ. ನಮ್ಮ ಏಣೆಲು ಮುಗಿದರೆ ಗದ್ದೆ ದನಗಳಿಗೆ. ಅಮ್ಮ ಬೈಲಿನವರ ಸುಗ್ಗಿ ಕೊಯ್ಯಲು ಹೋಗಿ ಕೂಲಿಗೆ ಭತ್ತ ತರುತ್ತಿದ್ದರು.

“ಹಾಗಾದರೆ ಸುಗ್ಗಿ ಯಾರಿಗೆ ಅಂತ ಮೊದಲು ಕೇಳಬೇಕು” ಎಂದು ಮಾಷ್ಟ್ರು ಎರಡು ವಾಕ್ಯ ಬರೆದರು: ‘ಈ ಸಲ ಮಾವಿನ ಸುಗ್ಗಿ.’ ‘ದಲ್ಲಾಳಿಗಳಿಗೆ ಸುಗ್ಗಿ.’ ಮೊದಲನೆಯದರಲ್ಲಿ ಬರೀ ಹೇರಳ. ಎರಡನೆಯದಕ್ಕೆ ‘ಗೆ’ ಸೇರಿದ್ದೇ ತಡ, ಒಂದು ಮುಳ್ಳು, ಬಿತ್ತದವನು ಕೊಯ್ಯುತ್ತಿದ್ದಾನೆ. ಷಷ್ಠಿ ವಿಭಕ್ತಿಗೂ ಚತುರ್ಥಿಗೂ ಇರುವ ವ್ಯತ್ಯಾಸ ನನ್ನ ತಲೆಗೆ ಹೋದದ್ದು ಅಂದೇ. ಪರೀಕ್ಷೆಯಲ್ಲಿ ಮಾತ್ರ ಅದಲುಬದಲು ಬರೆದೆ.

ಈಗ ಮಂಗಳೂರಿನಲ್ಲಿ ಪತ್ರಿಕೆಯೊಂದಕ್ಕೆ ತಲೆಬರಹ ಹಾಕುವುದೇ ನನ್ನ ಕೆಲಸ. ಸುಗ್ಗಿಯಿಲ್ಲದ ಮನೆಯವನಿಗೆ ದಿನಾ ಸುಗ್ಗಿ. ಯಾಂತ್ರಿಕ ದೋಣಿಗಳ 61 ದಿನಗಳ ರಜೆ ಮುಗಿದು ಬಂದರಿಗೆ ಬುಟ್ಟಿಗಟ್ಟಲೆ ಮೀನು ಬಂದರೆ ‘ಬೂತಾಯಿ ಸುಗ್ಗಿ’. ಕರೆಂಟು ಕೈಕೊಟ್ಟ ರಾತ್ರಿಗಳಲ್ಲಿ ‘ಕಳ್ಳರಿಗೆ ಸುಗ್ಗಿ’. ಏಪ್ರಿಲ್ ಸೆಕೆಯಲ್ಲಿ ಎಳನೀರು ಮಾರುವವರ ಬಗ್ಗೆ ‘ಬೊಂಡದವರಿಗೆ ಸುಗ್ಗಿ’ ಎಂದು ಬರೆಯುವಾಗ ಮಾತ್ರ ಕೈ ತಡೆಯುತ್ತದೆ. ಬಿಸಿಲಿನಲ್ಲಿ ದಿನವಿಡೀ ಕತ್ತಿ ಹಿಡಿದು ನಿಲ್ಲುವವನು ಅವನೇ ತಾನೆ, ಆ ಮುಳ್ಳು ಅವನಿಗೇಕೆ?

ನಿವೃತ್ತರಾದ ಮಾಷ್ಟ್ರಿಗೆ ಬೆಳಗ್ಗೆ ಪೇಪರು ತಪ್ಪುವುದಿಲ್ಲ. ಒಂದು ದಿನ ಏಳು ಗಂಟೆಗೇ ಫೋನ್. “ಎಂಥ ಮಾರಾಯ, ಒಂದೇ ಪುಟದಲ್ಲಿ ಮೂರು ಸುಗ್ಗಿ! ಬೈಲಿನವರಿಗೂ ವರ್ಷಕ್ಕೆ ಒಂದೇ ಅಲ್ವಾ?”

ಮರುದಿನ ಜಾಗ್ರತೆಯಿಂದ ‘ಭರಪೂರ’ ಎಂದು ಹಾಕಿದೆ. ಅದಕ್ಕೂ ಫೋನ್ ಬಂತು.